ಸಮುದ್ರಮಟ್ಟದ ಗಾಳಿ

ಜನವರಿ 20, ಸೋಮವಾರ

ಎಂಟಕ್ಕೇ ಶೆಡ್ ತೆಗೆದೆ. ಶರತ್‌ನ ರೇಸ್ ಕಾರನ್ನು ನಿನ್ನೆಯೇ, ನಿಂತಲ್ಲೇ ಚಕ್ರ ಓಡಿಸುವ ರೋಲರ್ ಮೇಲೆ ಹತ್ತಿಸಿ ಕಟ್ಟಿ ಹೋಗಿದ್ದೆ. ನಾಲ್ಕು ಬೆಲ್ಟು. ಎರಡೆರಡು ಸಲ ಎಳೆದು ನೋಡಿದೆ. ಆಮೇಲೆ ಇನ್ನೊಂದು ಸಲ. ಮನೆಯಲ್ಲಿ ಗ್ಯಾಸ್ ನಾಬನ್ನೂ ಹೀಗೆಯೇ ನೋಡುತ್ತೇನೆ, ಅಮ್ಮ ಬೈಯುತ್ತಾಳೆ. ಬೈದುಕೊಳ್ಳಲಿ.

ಹನ್ನೊಂದರವರೆಗೆ ಮ್ಯಾಪ್. ಸಾವಿರ ಆರ್‌ಪಿಎಮ್‌ನಿಂದ ಏಳು ಸಾವಿರದವರೆಗೆ, ಒಂದೊಂದು ಚೌಕಕ್ಕೂ ಇಷ್ಟು ಪೆಟ್ರೋಲ್ ಅಂತ ಲ್ಯಾಪ್‌ಟಾಪಿನಲ್ಲಿ ತುಂಬುತ್ತಾ ಹೋಗುವುದು. ಹೊರಗಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಸುಮ್ಮನೆ ಕುಣಿಯುತ್ತಿತ್ತು, ಅಂಕಿ ನಿಲ್ಲುತ್ತಲೇ ಇರಲಿಲ್ಲ. ರೇಗಿ ಹೋಯಿತು. ಅದರ ಕರೆಕ್ಷನ್ ಆಫ್ ಮಾಡಿ ಮುಂದುವರಿಸಿದೆ. ಕೊನೆಗೆ ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿದೆ. ನೀರು 88 ಡಿಗ್ರಿ. ಅಲ್ಲಾಡಲಿಲ್ಲ.

ಮುಜಫ್ಫರ್ ಭಾಯ್ ಸ್ಟೂಲ್ ಹಾಕಿಕೊಂಡು ಕೂತು ನೋಡಿದರು. ರೇಡಿಯೇಟರ್ ಅವರದು, ಯಶವಂತಪುರದಿಂದ ಸ್ಕೂಟರಿನಲ್ಲಿ ತಾವೇ ತಂದಿದ್ದರು. "88 ಅಂದ್ರೆ ಇಂಜಿನ್ ನಿದ್ದೆ ಮಾಡ್ತಿದೆ ಬೇಟಿ" ಅಂದರು. ಅರವತ್ಮೂರು ವಯಸ್ಸು. ಡಿಪ್ಲೊಮಾ ಮುಗಿಸಿ ನಾನು ಗ್ಯಾರೇಜ್ ಗ್ಯಾರೇಜ್ ಅಲೆಯುತ್ತಿದ್ದಾಗ ಒಳಗೆ ಕರೆದು ಕೆಲಸ ಕಲಿಸಿದವರು ಅವರೊಬ್ಬರೇ. ಹನ್ನೆರಡು ವರ್ಷ ಆಯಿತು.

ಪೆಟ್ರೋಲ್ ಹೆಚ್ಚಾಯಿತೋ ಕಮ್ಮಿಯಾಯಿತೋ ಅಂತ ಸೈಲೆನ್ಸರ್ ಹೊಗೆ ನೋಡಿ ಹೇಳುವ ಸೆನ್ಸರ್ ನನ್ನ ಹತ್ತಿರ ಒಂದೇ ಒಂದು. ಅದನ್ನು ಬಿಚ್ಚಿಕೊಂಡು ತೂತಿಗೆ ಬೋಲ್ಟ್ ಜಡಿದೆ. ನಾಳೆ ಬೇರೆ ಕಾರಿಗೆ ಬೇಕು.

ಶರತ್ ಬಂದು ಕೀ ತೆಗೆದುಕೊಂಡ. ಈ ಭಾನುವಾರ ಚೆನ್ನೈ ಹತ್ತಿರದ ಟ್ರ್ಯಾಕ್. ಅವನ ವಾಟ್ಸಾಪ್ ಗ್ರೂಪಿನಲ್ಲಿ ನನ್ನನ್ನೂ ಸೇರಿಸಿ ಮೂವತ್ತು ಜನ ಇದ್ದಾರೆ. ಹೆಂಗಸು ಟ್ಯೂನ್ ಮಾಡುತ್ತಾಳಾ ಅಂತ ನಕ್ಕವರೂ ಅದರಲ್ಲೇ ಇದ್ದಾರೆ. ಎಲ್ಲರೂ ಈ ಕಾರನ್ನೇ ನೋಡುತ್ತಾರೆ... ಊಟ ಸೇರಲಿಲ್ಲ.

ಜನವರಿ 26, ಭಾನುವಾರ, ಸಂಜೆ 4

ಶರತ್ ಫೋನ್ ಮಾಡಿದ.

"ಅಕ್ಕ, ನಾಲ್ಕನೇ ಲ್ಯಾಪ್‌ಗೇ 112 ಕಣಕ್ಕ. ಹೆದರ್ಕೊಂಡು ಒಳಗೆ ತಂದೆ. ಆರಿದ ಮೇಲೆ ಮತ್ತೆ ಹೋದೆ, ಮತ್ತೆ ಅದೇ ಕಥೆ."

"ಫ್ಯಾನ್ ತಿರುಗ್ತಿತ್ತಾ?"

"ತಿರುಗ್ತಿತ್ತು."

"ನೀರು ಇಳಿದಿತ್ತಾ?"

"ಇಲ್ಲ. ಏನಕ್ಕ ಇದು? ನೀನು 88 ಅಂದಿದ್ದೆ."

ಅಂದಿದ್ದೆ. 88 ಅಂತಲೇ ಅಂದಿದ್ದೆ.

ಜನವರಿ 28

ಕಾರು ಶೆಡ್ಡಿನಲ್ಲಿದೆ. ವಾಟರ್ ಪಂಪ್ ಸರಿ. ಥರ್ಮೋಸ್ಟಾಟ್ ಸರಿ — ಬಿಸಿನೀರಿನ ಪಾತ್ರೆಗೆ ಹಾಕಿ ತೆರೆಯುವುದನ್ನು ಕಣ್ಣಾರೆ ನೋಡಿದೆ. ಕ್ಯಾಪ್ ಸರಿ. ಪೈಪಿನಲ್ಲಿ ಎಲ್ಲೋ ಗಾಳಿ ಸಿಕ್ಕಿಹಾಕಿಕೊಂಡಿರಬೇಕು ಅಂತ ಮೂತಿ ಎತ್ತಿ ನಿಲ್ಲಿಸಿ ಒಂದು ಗಂಟೆ ಗಾಳಿ ಬಿಡಿಸಿದೆ. ಒಂದು ಗುಳ್ಳೆಯೂ ಬರಲಿಲ್ಲ.

ರೋಲರ್ ಮೇಲೆ ಹತ್ತಿಸಿದೆ. 88! ಹಾಳಾದ್ದು.

ಮುಜಫ್ಫರ್ ಭಾಯ್ ಬಂದರು. ಕೈ ಹಿಂದೆ ಕಟ್ಟಿಕೊಂಡು ಕಾರಿನ ಸುತ್ತ ಎರಡು ಸುತ್ತು ಹಾಕಿದರು. "ಅಲ್ಲಿ ಬಿಸಿಲು ಜಾಸ್ತಿ. ನನ್ನದು ಸಾಲ್ತಾ ಇಲ್ಲವೇನೋ. ದಪ್ಪದ್ದು ಮಾಡ್ಕೊಡ್ತೀನಿ, ಮೂರು ಸಾಲು ಕೊಳವೆದು." ವಾದ ಇಲ್ಲ, ಗೊಣಗಾಟ ಇಲ್ಲ. ನನಗಂತೂ ಹಗುರವಾಯಿತು. ಆ ಹಗುರ ನನಗೆ ಇಷ್ಟವಾಗಲಿಲ್ಲ, ಬರೆದಿಟ್ಟಿರುತ್ತೇನೆ.

ಫೆಬ್ರವರಿ 11, ಮಂಗಳವಾರ

ಏರ್ ಶೋ. ಬೆಳಿಗ್ಗೆಯಿಂದ ತಲೆಯ ಮೇಲೆ ವಿಮಾನ. ಶೆಡ್ಡಿನ ತಗಡು ನಡುಗುತ್ತದೆ. ಇಂಜಿನ್ ಶಬ್ದ ಕಿವಿಗೇ ಬೀಳದಿದ್ದರೆ ನಾನು ಏನು ಟ್ಯೂನ್ ಮಾಡಲಿ?

ಮುಜಫ್ಫರ್ ಭಾಯ್ ಹೊಸ ರೇಡಿಯೇಟರ್ ತಂದರು. ಹೆಬ್ಬಾಳದಲ್ಲಿ ಎರಡು ಗಂಟೆ ಸಿಕ್ಕಿಕೊಂಡರಂತೆ, ಕಾಲ ಸಂದಿಯಲ್ಲಿ ರೇಡಿಯೇಟರ್ ಇಟ್ಟುಕೊಂಡು. ಮೊಣಕಾಲು ಕೆಂಪಗಾಗಿತ್ತು. ಕೆಲಸದ ಮೇಲೆ ಕೈಯಾಡಿಸಿ ನೋಡಿದೆ. ಅಂಚು ಅಂಚಿಗೂ ಒಂದೇ ಅಳತೆಯ ಬೆಸುಗೆ. ಅಂಗಡಿಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ತುಂಬಿ, ಅರ್ಧ ದಿನ ಗುಳ್ಳೆ ಕಾದರಂತೆ. ಆ ತೊಟ್ಟಿಯ ಮುಂದೆ ನಾನೂ ಎಷ್ಟು ತಿಂಗಳು ಕೂತಿದ್ದೆ.

ಶರತ್‌ನ ತಾತ ದೊಡ್ಡಮುನಿಯಪ್ಪನವರು ಬಂದರು. ಶೆಡ್ಡಿನ ಜಾಗ ಅವರದು, ಹಿಂದೆ ದ್ರಾಕ್ಷಿ ತೋಟ ಇತ್ತಂತೆ.

"ಇಂಗ್ ಕಾದ್ರೆ ಎಂಗಮ್ಮಾ? ನಮ್ ಹುಡ್ಗ ಒಳಗ್ ಕುಂತಿರ್ತಾನೆ. ಗಾಡಿ ಓದ್ರೆ ಓಗ್ಲಿ, ಅವ್ನಿಗೇನೂ ಆಗ್ಬಾರ್ದು."

"ಏನೂ ಆಗಲ್ಲ ತಾತ."

ಎಷ್ಟು ಸಲೀಸಾಗಿ ಹೇಳಿಬಿಡುತ್ತೇನೆ.

ಫೆಬ್ರವರಿ 16, ಭಾನುವಾರ, ಮಧ್ಯಾಹ್ನ 2

ಟ್ರ್ಯಾಕ್ ಪಕ್ಕದ ಶಾಮಿಯಾನದಲ್ಲಿ ಕೂತು ಬರೆಯುತ್ತಿದ್ದೇನೆ.

ಈ ಸಲ ನಾನೇ ಬಂದೆ. ಮೊದಲ ಲ್ಯಾಪ್ 94. ಎರಡಕ್ಕೆ 101. ಮೂರಕ್ಕೆ 108. ಒಳಗೆ ಬಾ ಅಂತ ಬೋರ್ಡ್ ತೋರಿಸಿದೆ. ನೋಡಿದ — ನೋಡಿದ್ದು ನನಗೆ ಕಂಡಿತು — ಆದರೂ ಇನ್ನೆರಡು ಸುತ್ತಿಗೆ ಹೋದ. ಗಂಡು ಜಂಬ. ಐದನೇ ಲ್ಯಾಪಿನಲ್ಲಿ 121. ಪೈಪ್ ಒಡೆಯಿತು. ಇಲ್ಲಿ ಬರೀ ನೀರೇ ಹಾಕಬೇಕು, ಕೂಲಂಟ್ ಚೆಲ್ಲಿದರೆ ಜಾರುತ್ತದೆ ಅಂತ ನಿಯಮ. ನೀರೂ ಜಾರುತ್ತದೆ, ತನ್ನದೇ ಟಯರಿನ ಕೆಳಗೆ ಸುರಿದರೆ. ಕಾರು ಮೂರು ಸುತ್ತು ತಿರುಗಿತು. ಗೋಡೆಗೆ ಒಂದಾಳುದ್ದ ಬಿಟ್ಟು ನಿಂತಿತು.

ಓಡಿದೆ. ಅವನು ಇಳಿದು ಹುಲ್ಲಿನ ಮೇಲೆ ಕೂತಿದ್ದ. ಹೆಲ್ಮೆಟ್ ತೆಗೆಯಲು ಬೆರಳು ಆಡುತ್ತಿರಲಿಲ್ಲ. ನಾನೇ ತೆಗೆದೆ.

"ಏನಕ್ಕ ಇದು? ಏನು ಪ್ರಾಬ್ಲಂ, ಹೇಳು."

ಸುತ್ತ ಎಂಟು ಹತ್ತು ಜನ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ರೇಡಿಯೇಟರ್ ಇರಬಹುದು" ಅಂದೆ.

ಸಂಜೆ 7, ವೆಲ್ಲೂರು ದಾಟಿ

ರೇಡಿಯೇಟರ್ ಇರಬಹುದು ಅಂದೆ. ಇರಬಹುದು ಅಂದೆ ಅಷ್ಟೆ. ಹೌದು ಅಂತ ಹೇಳಿಲ್ಲ.

ಫೆಬ್ರವರಿ 19

ಶರತ್ ಗ್ರೂಪಿನಲ್ಲಿ ಬರೆದಿದ್ದಾನೆ. ಮುಜಫ್ಫರ್ ಭಾಯ್ ಹೆಸರು, ಅಂಗಡಿ, ಎಲ್ಲ ಹಾಕಿ. 'ಎರಡು ಸಲ ಮಾಡಿಸಿದೆ ಮಗಾ, ಎರಡೂ ಡಬ್ಬಾ. ಸಾಯೋದ್ರಲ್ಲಿದ್ದೆ. ಯಾರೂ ಹೋಗ್ಬೇಡಿ. ನಮ್ ಟ್ಯೂನರ್ ಕೂಡ ರೇಡಿಯೇಟರ್ ಅಂತಾನೇ ಹೇಳಿದ್ದು.'

ಮೂವತ್ತು ಜನರಲ್ಲಿ ಇಪ್ಪತ್ತೆರಡು ಹೆಬ್ಬೆಟ್ಟು. ಮಾಡಿಸಬೇಕು ಅಂದುಕೊಂಡಿದ್ದವರು ಒಬ್ಬೊಬ್ಬರಾಗಿ 'ನಾನೂ ಕ್ಯಾನ್ಸಲ್' ಅಂತ ಬರೆದಿದ್ದಾರೆ. ಮುಜಫ್ಫರ್ ಭಾಯ್ ಹತ್ತಿರ ಇರುವುದು ಬಟನ್ ಫೋನು. ಇದೇನೂ ಅವರಿಗೆ ಕಾಣಿಸುವುದಿಲ್ಲ. ಫೋನ್ ಬರುವುದು ನಿಲ್ಲುತ್ತದೆ, ಅಷ್ಟೆ.

ಶರತ್ ಹೊರದೇಶದಿಂದ ರೇಡಿಯೇಟರ್ ತರಿಸುತ್ತಾನಂತೆ. ಇಂಜಿನ್ ನಾನೇ ಬಿಚ್ಚಬೇಕು, ಹೆಡ್ ಗ್ಯಾಸ್ಕೆಟ್ ಹೋಗಿದೆ.

ಫೆಬ್ರವರಿ 27, ಗುರುವಾರ

ಸ್ಪಾರ್ಕ್ ಪ್ಲಗ್ ತೆಗೆದೆ.

ನಾಲ್ಕೂ ಬೆಳ್ಳಗೆ, ಸುಣ್ಣ ಬಳಿದ ಹಾಗೆ. ತುದಿಯಲ್ಲಿ ಸಣ್ಣ ಸಣ್ಣ ಬೆಳ್ಳಿ ಚುಕ್ಕೆ. ಪೆಟ್ರೋಲ್ ಸಾಲದೆ ಉರಿದ ಇಂಜಿನ್. ಕಲಿಯುವ ಹುಡುಗರಿಗೂ ಗೊತ್ತಾಗುತ್ತದೆ ಇದು. ಹೆಡ್ ಎತ್ತಿದೆ, ಪಿಸ್ಟನ್ ಅಂಚಿನಲ್ಲೂ ಅದೇ.

ಆದರೆ ಪೆಟ್ರೋಲ್ ತುಂಬಿದವಳು ನಾನು. ಪ್ರತಿ ಚೌಕ ನೋಡಿ ನೋಡಿ ತುಂಬಿದ್ದೆ. ಇಲ್ಲಿ ಸರಿ ಇತ್ತು... ಇಲ್ಲಿ.

ಈ ನೋಟ್‌ಬುಕ್ ತೆಗೆದು ಜನವರಿ ಇಪ್ಪತ್ತರ ಪುಟ ತಿರುಗಿಸಿದೆ. ನನ್ನದೇ ಅಕ್ಷರ. 'ಅದರ ಕರೆಕ್ಷನ್ ಆಫ್ ಮಾಡಿ ಮುಂದುವರಿಸಿದೆ.' ಲ್ಯಾಪ್‌ಟಾಪ್ ತೆರೆದೆ. ಆಫ್. ಇವತ್ತಿಗೂ ಆಫ್.

ನಾವು ಇರುವುದು ಮೂರು ಸಾವಿರ ಅಡಿ ಮೇಲೆ. ಇಲ್ಲಿ ಗಾಳಿ ತೆಳು. ಚೆನ್ನೈ ಸಮುದ್ರದ ಪಕ್ಕ, ಅಲ್ಲಿ ಗಾಳಿ ದಪ್ಪ, ಹತ್ತರಲ್ಲಿ ಒಂದು ಪಾಲು ಹೆಚ್ಚೇ. ಒಳಗೆ ಹೋಗುವ ಗಾಳಿ ಹೆಚ್ಚಾಯಿತು, ಪೆಟ್ರೋಲ್ ಮಾತ್ರ ಈ ಶೆಡ್ ಇರುವ ಅಮೃತಹಳ್ಳಿಯ ಅಳತೆಯಲ್ಲೇ ಬಿತ್ತು. ಅದನ್ನು ಸರಿದೂಗಿಸುವುದಕ್ಕೇ ಆ ಕರೆಕ್ಷನ್ ಇರುವುದು. ನಾನು ಬಾಯಿ ಮುಚ್ಚಿಸಿ ಕಳಿಸಿದ್ದೆ. ಇಲ್ಲಿ ಎಷ್ಟು ಸಲ ರೋಲರ್ ಹತ್ತಿಸಿದರೂ 88 ಬರದೆ ಇನ್ನೇನು ಬರುತ್ತದೆ?

ಆ ಹೊಗೆ ಸೆನ್ಸರ್ ಕಾರಿನಲ್ಲೇ ಇದ್ದಿದ್ದರೆ ಮೊದಲ ದಿನವೇ ಹೇಳುತ್ತಿತ್ತು. ಬಿಚ್ಚಿಕೊಂಡವಳೂ ನಾನೇ.

ರೇಡಿಯೇಟರಿನದು ಏನೂ ಇಲ್ಲ. ಎರಡರದ್ದೂ.

ಫೆಬ್ರವರಿ 28

ಕರೆಕ್ಷನ್ ಆನ್ ಮಾಡಿದೆ. ಸೆನ್ಸರ್ ಕುಣಿಯುತ್ತಿದ್ದುದು ಒಂದು ಸಡಿಲ ಪಿನ್ನಿನಿಂದ. ಇಕ್ಕಳದಲ್ಲಿ ಅದುಮಿದೆ, ನಿಂತಿತು. ಎರಡು ನಿಮಿಷದ ಕೆಲಸ. ಥೂ.

ಯಾರಿಗೂ ಹೇಳಿಲ್ಲ. ಹೇಳಿದರೆ — ಹೆಂಗಸರ ಕೈಯಲ್ಲಿ ಕೊಟ್ಟರೆ ಹೀಗೇ ಅಂತಾರೆ. ಅದಂತೂ ಖಂಡಿತ. ನಾಳೆ ಇನ್ನೊಬ್ಬಳು ಹುಡುಗಿ ಸ್ಪ್ಯಾನರ್ ಹಿಡಿದರೂ ನನ್ನ ಹೆಸರು ಹೇಳುತ್ತಾರೆ. ಶರತ್ ಕಾರು ಬಿಡಿಸಿಕೊಂಡು ಹೋಗುತ್ತಾನೆ. ತಾತ ಶೆಡ್ ಖಾಲಿ ಮಾಡಿ ಅಂತಾರೆ. ಅವರ ಮೊಮ್ಮಗನನ್ನು ಗೋಡೆಗೆ ಕಳಿಸುತ್ತಿದ್ದವಳು ನಾನು ತಾನೆ.

ಹೇಳದೆ ಇದ್ದರೆ? ಹೊಸ ರೇಡಿಯೇಟರ್ ಹಾಕಿ, ಸರಿ ಮಾಡಿದ ಮ್ಯಾಪ್ ಹಾಕಿ ಕಳಿಸಿದರೆ ಕಾರು ಓಡುತ್ತದೆ. ಚೆನ್ನಾಗಿಯೇ ಓಡುತ್ತದೆ. ಆಗ ಎಲ್ಲರೂ ಹೇಳುತ್ತಾರೆ — ನೋಡಿ, ಮುಜಫ್ಫರ್ ರೇಡಿಯೇಟರ್ ತೆಗೆದ ಕೂಡಲೇ ಸರಿಹೋಯಿತು.

ನಾನು ಸರಿ ಮಾಡಿದಷ್ಟೂ ಅವರ ಹೆಸರು ಹೋಗುತ್ತದೆ. ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ.

ಮಾರ್ಚ್ 4

ಅಮ್ಮ ಕೇಳಿದಳು, "ಯಾಕೆ ಶಿಲ್ಪ, ಮೂರು ದಿನದಿಂದ ಬರೀ ಮಜ್ಜಿಗೆ ಕುಡ್ಕೊಂಡಿದೀಯ?" ಬಿಸಿಲು ಅಂದೆ. "ಮುಜಫ್ಫರ್ ಭಾಯ್ ಫೋನ್ ಮಾಡಿದ್ರು. ರಂಜಾನ್ ಉಪವಾಸ ಶುರುವಾಯ್ತಂತೆ. ನೀನು ಫೋನ್ ಎತ್ತಲ್ವಂತೆ, ಹುಷಾರಿದಾಳಾ ಅಂತ ಕೇಳಿದ್ರು."

ಹೌದು, ಎತ್ತುತ್ತಿಲ್ಲ.

ಮಾರ್ಚ್ 9, ಭಾನುವಾರ, ಚೆನ್ನೈ

ಹದಿನೈದು ಲ್ಯಾಪ್. 92, 93, 92. ಬಿಸಿಲು ಕಳೆದ ಸಲಕ್ಕಿಂತ ಜಾಸ್ತಿ. ಶರತ್ ಇಳಿದು ಬಂದು ನನ್ನನ್ನು ಎತ್ತಿ ತಿರುಗಿಸಿಬಿಟ್ಟ. "ಅಕ್ಕ, ನೀನು ದೇವ್ರು ಕಣಕ್ಕ!" ಎಲ್ಲರೂ ಚಪ್ಪಾಳೆ. ಜನವರಿಯಲ್ಲಿ ನಕ್ಕಿದ್ದವನೊಬ್ಬ ಬಂದು ತನ್ನ ಕಾರು ಯಾವಾಗ ತರಲಿ ಅಂತ ಕೇಳಿದ. ಇದಕ್ಕಾಗಿ ಎಷ್ಟು ವರ್ಷ ಕಾದಿದ್ದೆ ನಾನು! ನಗಲಿಲ್ಲ ಅಂತಲ್ಲ, ನಕ್ಕೆ. ಫೋಟೋದಲ್ಲಿ ಚೆನ್ನಾಗಿಯೇ ಬಂದಿದ್ದೇನೆ.

ಸಂಜೆ ಗ್ರೂಪಿನಲ್ಲಿ ಹೊಸ ರೇಡಿಯೇಟರಿನ ಫೋಟೋ. 'ಯಶವಂತಪುರದ ಡಬ್ಬಾ ತೆಗೆದೆ, 92ಕ್ಕೆ ನಿಂತಿದೆ. ಪ್ರೂಫ್ ಬೇಕಾ ಗುರು?'

ನಾನು ಏನೂ ಬರೆಯಲಿಲ್ಲ. ಯಾರೋ ನನ್ನ ಹೆಸರು ಹಾಕಿ ಹೂವು ಕಳಿಸಿದ್ದಾರೆ.

ಮಾರ್ಚ್ 10

ಮುಜಫ್ಫರ್ ಭಾಯ್ ಶೆಡ್ಡಿನ ಲ್ಯಾಂಡ್‌ಲೈನಿಗೆ ಮಾಡಿದರು. ಎತ್ತಬೇಕಾಯಿತು.

ಅಂಗಡಿಗೆ ಬಂದ ಯಾರೋ ವಿಷಯ ಹೇಳಿದ್ದಾರೆ. ಬೈಯುತ್ತಾರೆ ಅಂದುಕೊಂಡೆ. ಬೈಯಲಿ ಅಂತ ಕಾದೆ ಅನ್ನುವುದು ಹೆಚ್ಚು ನಿಜ.

"ಬೇಟಿ, ಆ ನನ್ನ ರೇಡಿಯೇಟರ್ ಅಲ್ಲೇ ಬಿದ್ದಿದ್ಯಾ? ತಂದುಕೊಡು. ಕೊಯ್ದು ನೋಡ್ಬೇಕು. ನಲವತ್ತು ವರ್ಷ ಆಯ್ತು ಈ ಕೆಲಸಕ್ಕೆ. ಎಲ್ಲಿ ತಪ್ಪು ಮಾಡ್ದೆ ಅಂತ ಗೊತ್ತಾಗ್ಬೇಕಲ್ಲ."

ನಾಳೆ ತರುತ್ತೇನೆ ಅಂದೆ.

ನಾಳೆ ಹೇಳಿಬಿಡುತ್ತೇನೆ. ಕೊಯ್ಯುವುದಕ್ಕೆ ಮೊದಲೇ.

ಮಾರ್ಚ್ 11, ಮಂಗಳವಾರ

ಇದನ್ನು ಬರೆಯಲೇಬೇಕು. ಬರೆಯದಿದ್ದರೆ ನಾಳೆ ನನಗೆ ನಾನೇ ಬೇರೆ ಥರ ಹೇಳಿಕೊಳ್ಳುತ್ತೇನೆ.

ಹನ್ನೊಂದಕ್ಕೆ ಹೋದೆ. ಅಂಗಡಿಯಲ್ಲಿ ಕೆಲಸ ಇರಲಿಲ್ಲ. ಒಂದೇ ಒಂದು ಲಾರಿ ರೇಡಿಯೇಟರ್ ಗೋಡೆಗೆ ಒರಗಿತ್ತು. ನನಗೆ ಟೀ ತರಿಸಿದರು, ತಾವು ಉಪವಾಸ. ಬೇಡ ಅಂದರೂ ಕೇಳಲಿಲ್ಲ. ಟೀ ಹಿಡಿದು ನಿಂತೆ. ಬಾಯಿ ತೆರೆದೆ. ಅಷ್ಟರಲ್ಲಿ ಅವರು ರೇಡಿಯೇಟರನ್ನು ವೈಸಿನ ದವಡೆಗೆ ಬಿಗಿದು ಗರಗಸ ಇಟ್ಟಾಗಿತ್ತು.

ನಿಲ್ಲಿಸಿ ಅಂತ ಹೇಳಬೇಕಿತ್ತು. ಒಂದು ಮಾತು. ಹೇಳಲಿಲ್ಲ.

ತಾವೇ ಹಾಕಿದ ಬೆಸುಗೆಯ ಮೇಲೆ ಗರಗಸ ಎಳೆದರು. ಒಂದೂವರೆ ಗಂಟೆ. ಗಂಟಲು ಒಣಗಿತ್ತು ಅವರಿಗೆ, ಉಗುಳು ನುಂಗುತ್ತಿದ್ದರು. ಒಂದೊಂದೇ ಕೊಳವೆ ಬಿಡಿಸಿ, ಬೆಳಕಿಗೆ ಹಿಡಿದು, ಊದಿ ನೋಡುತ್ತಿದ್ದರು. ಎಲ್ಲ ಕನ್ನಡಿಯ ಹಾಗಿತ್ತು. ಕಸ ಇಲ್ಲ, ಕಟ್ಟಿಲ್ಲ.

"ಏನೂ ಇಲ್ವಲ್ಲ ಬೇಟಿ."

ಟೀ ಲೋಟ ಕೆಳಗಿಟ್ಟೆ.

"ನನ್ನ ಕಣ್ಣಿಗೆ ಕಾಣ್ತಿಲ್ಲ ಅನ್ಸುತ್ತೆ. ನಿನ್ನ ಕಣ್ಣು ಚುರುಕು. ನೋಡು ಸ್ವಲ್ಪ."

ಟಾರ್ಚ್ ಕೊಟ್ಟರು. ನಾನು ಬಗ್ಗಿದೆ. ನೋಡಿದೆ. ಅವರು ನನ್ನ ಭುಜದ ಹಿಂದೆ ಕಾಯುತ್ತಾ ನಿಂತಿದ್ದರು, ರಿಸಲ್ಟ್ ಕಾಯುವವರ ಹಾಗೆ. ಮೂಲೆಯ ಎರಡನೇ ಕೊಳವೆಯ ಬಾಯಲ್ಲಿ ಒಂದು ಹನಿ ಬೆಸುಗೆ ಇತ್ತು, ರಾಗಿ ಕಾಳಿನಷ್ಟು. ಪ್ರಪಂಚದ ಯಾವ ರೇಡಿಯೇಟರಿನಲ್ಲೂ ಇರುತ್ತದೆ ಅದು.

"ಇಲ್ಲಿ ಸ್ವಲ್ಪ ಜಾಸ್ತಿ ಆಗಿದೆ ಅನ್ಸುತ್ತೆ ಭಾಯ್" ಅಂದೆ.

ನಾನೇ ಅಂದೆ. ಯಾರೂ ಕತ್ತು ಹಿಸುಕಿರಲಿಲ್ಲ.

ಕನ್ನಡಕ ಏರಿಸಿ ಅಲ್ಲೇ ತುಂಬ ಹೊತ್ತು ನೋಡಿದರು. ಆಮೇಲೆ ತಲೆಯಾಡಿಸಿದರು. "ಹಾಂ. ಅದೇ. ನೀರು ತಿರುಗೋದು ಅಲ್ಲೇ ನಿಂತಿರತ್ತೆ." ಮುಖದಲ್ಲಿ ಸಮಾಧಾನ. ಕೊನೆಗೂ ಉತ್ತರ ಸಿಕ್ಕಿತಲ್ಲ. "ಇದು ನನಗೆ ಕಾಣ್ಲಿಲ್ಲ ನೋಡು. ಕೈ ಹೋಗಿದ್ರೆ ಕಷ್ಟಪಟ್ಟು ಮಾಡ್ಬಹುದು, ಕಣ್ಣು ಹೋದ್ರೆ ಈ ಕೆಲಸ ಮಾಡ್ಬಾರ್ದು. ಆ ಹುಡುಗನ ಪ್ರಾಣ ಹೋಗೋದು ನನ್ನಿಂದ."

ಗುಜರಿಯ ಬಾಲರಾಜ್‌ಗೆ ಅಲ್ಲೇ ಫೋನ್ ಮಾಡಿದರು. ಗುರುವಾರ ಬೆಳಿಗ್ಗೆ ಟೆಂಪೋ ತಾ ಅಂದರು. ತೊಟ್ಟಿ, ಕಂಪ್ರೆಸರ್, ಒಲೆ, ವೈಸು — ಎಲ್ಲ.

"ಗೋರಿಪಾಳ್ಯದಲ್ಲಿ ಮಗಳಿದ್ದಾಳೆ. ಬಾ ಬಾ ಅಂತಾನೇ ಇರ್ತಾಳೆ. ಹೋಗಿ ಮೊಮ್ಮಕ್ಕಳನ್ನ ಆಡಿಸ್ಕೊಂಡು ಇರ್ತೀನಿ. ಥ್ಯಾಂಕ್ಸ್ ಬೇಟಿ."

ಥ್ಯಾಂಕ್ಸ್ ಅಂದರು.

ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತುಬಿಟ್ಟಿತು. ನಿಂತಿದ್ದು ಸ್ಕೂಟರ್ ಅಲ್ಲ, ಗೇರ್ ಹಾಕುವುದು ನನಗೇ ಮರೆತಿತ್ತು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ ಇಳಿದು ಬಂದು, "ಏನಮ್ಮ, ಹುಷಾರಿಲ್ವಾ?" ಅಂದ. ಇಲ್ಲ ಅಂದೆ.

ಮಾರ್ಚ್ 12, ಬುಧವಾರ, ಬೆಳಿಗ್ಗೆ

ಇವತ್ತು ಹೇಳುತ್ತೇನೆ.

ಮಾರ್ಚ್ 12, ಮಧ್ಯಾಹ್ನ 3

ಯಶವಂತಪುರದ ಮಾರ್ಕೆಟ್‌ವರೆಗೆ ಹೋದೆ. ಅಂಗಡಿ ಕಾಣುವ ತಿರುವಿನಲ್ಲಿ ನಿಲ್ಲಿಸಿದೆ. ಅವರು ಹೊರಗೆ ಕೂತು ಗೋಡೆಯ ಬೋರ್ಡನ್ನು ಸ್ಕ್ರೂ ಬಿಚ್ಚಿ ತೆಗೆಯುತ್ತಿದ್ದರು. ವಾಪಸ್ ಬಂದೆ.

ಹೇಡಿ. ಹೇಡಿ ಕಣೇ ನೀನು.

ಫೋನಿನಲ್ಲಿ ಹೇಳಬಹುದು. ಬೇಡ. ಫೋನಿನಲ್ಲಿ ಹೇಳಿ, ಕಟ್ ಮಾಡಿ, ಮುಗೀತು ಅಂದುಕೊಳ್ಳುವವಳು ನಾನು. ನನ್ನನ್ನು ನನಗೆ ಗೊತ್ತು.

ಮತ್ತೆ ಅವರೊಬ್ಬರಿಗೆ ಗುಟ್ಟಾಗಿ ಹೇಳಿದರೆ ಏನಾಗುತ್ತದೆ? 'ಬಿಡು ಬೇಟಿ, ಯಾರಿಗೂ ಹೇಳ್ಬೇಡ, ನಿನ್ನ ಹೆಸರು ಹಾಳಾಗತ್ತೆ' ಅಂತಾರೆ. ಅನ್ನುವವರೇ ಅವರು. ನಾನೂ ಸರಿ ಭಾಯ್ ಅಂತ ಬಂದುಬಿಡುತ್ತೇನೆ. ಹಾಗಾಗಬಾರದು ಅಂದರೆ ಮೊದಲು ಗ್ರೂಪಿನಲ್ಲಿ ಹಾಕಬೇಕು. ಹಿಂದೆ ಬರುವ ದಾರಿಯೇ ಇರಬಾರದು.

ಮಾರ್ಚ್ 13, ಗುರುವಾರ, ಬೆಳಿಗ್ಗೆ 7.10

ಹಾಕಿದೆ.

ಬರೆದದ್ದು ಇಷ್ಟು: 'ಶರತ್ ಕಾರು ಬಿಸಿಯಾಗಿದ್ದಕ್ಕೆ ಕಾರಣ ನನ್ನ ಮ್ಯಾಪ್. ಗಾಳಿ ಒತ್ತಡದ ಕರೆಕ್ಷನ್ ಆಫ್ ಮಾಡಿದ್ದೆ, ಆನ್ ಮಾಡೋದು ಮರೆತೆ. ಬೆಂಗಳೂರಿನ ಅಳತೆಯ ಪೆಟ್ರೋಲ್ ಚೆನ್ನೈಗೆ ಸಾಲಲಿಲ್ಲ. ಮುಜಫ್ಫರ್ ಭಾಯ್ ಮಾಡಿದ ಎರಡು ರೇಡಿಯೇಟರ್‌ನಲ್ಲೂ ಯಾವ ದೋಷವೂ ಇರಲಿಲ್ಲ. ನನಗೆ ಇದು ಫೆಬ್ರವರಿ 27ರಿಂದ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಶಿಲ್ಪ.' ಜೊತೆಗೆ ಲ್ಯಾಪ್‌ಟಾಪಿನ ಎರಡು ಫೋಟೋ, ಪ್ಲಗ್ಗಿನ ಒಂದು.

ಕಳಿಸಿದ ಮೇಲೆ ಹದಿನಾರು ಸಲ ಓದಿದೆ. ಡಿಲೀಟ್ ಮಾಡಬಹುದಿತ್ತು, ಹತ್ತು ನಿಮಿಷ ಯಾರೂ ನೋಡಿರಲಿಲ್ಲ. ಫೋನನ್ನು ಅಮ್ಮನ ಕೈಯಲ್ಲಿ ಕೊಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಒಂಬತ್ತು ಜನ ನೋಡಿದ್ದರು. ಶರತ್ ಕೂಡ.

"ಶರತ್ ಫೋನ್ ಮಾಡ್ತಾನೇ ಇದ್ದಾನೆ" ಅಂದಳು ಅಮ್ಮ. ಆಮೇಲೆ ಮಾಡುತ್ತೇನೆ ಅಂದೆ. ಮೊದಲು ಯಶವಂತಪುರ. ಟೆಂಪೋ ಒಂಬತ್ತಕ್ಕೆ.

ಬೆಳಿಗ್ಗೆ 10.20

ಅಂಗಡಿಯ ಎದುರು, ಎಳನೀರಿನ ಗಾಡಿಯ ಪಕ್ಕ. ಸ್ಕೂಟರ್ ಸೀಟಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಆಗಿದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ನಾನು ಬರುವಷ್ಟರಲ್ಲಿ ತೊಟ್ಟಿ ಟೆಂಪೋ ಮೇಲಿತ್ತು. ಬಾಲರಾಜ್ ಮತ್ತು ಅವನ ಇಬ್ಬರು ಆಳುಗಳು ಹಗ್ಗ ಬಿಗಿಯುತ್ತಿದ್ದರು. ಮುಜಫ್ಫರ್ ಭಾಯ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. "ಬಂದ್ಯಾ ಬೇಟಿ? ಬಾ ಬಾ. ಒಲೆ ಬೇಕಾದ್ರೆ ನೀನು ಇಟ್ಕೊ" ಅಂದರು.

ಅಲ್ಲೇ ನಿಂತು ಹೇಳಿದೆ. ಬಾಲರಾಜ್ ಮುಂದೆಯೇ. ಕರೆಕ್ಷನ್ ಆಫ್ ಮಾಡಿದ್ದು, ಚೆನ್ನೈ ಗಾಳಿ, ಪ್ಲಗ್ಗು ಬೆಳ್ಳಗಾಗಿದ್ದು. ತಪ್ಪು ನನ್ನದು ಅಂದೆ. ಗ್ರೂಪಿನಲ್ಲಿ ಹಾಕಿದ್ದೇನೆ ಅಂದೆ. ಅಳಬಾರದು ಅಂದುಕೊಂಡಿದ್ದೆ, ಅಳಲಿಲ್ಲ.

ಕೇಳಿ ಮುಗಿದ ಮೇಲೆ ಅವರದು ಒಂದೇ ಪ್ರಶ್ನೆ.

"ಮೊನ್ನೆ ಟಾರ್ಚ್ ಹಾಕಿ ತೋರಿಸಿದ್ಯಲ್ಲ. ಆ ಜಾಗ?"

"ಅಲ್ಲಿ ಏನೂ ಇರ್ಲಿಲ್ಲ ಭಾಯ್."

"ಗೊತ್ತಿತ್ತಾ ನಿಂಗೆ, ಆಗ?"

"ಗೊತ್ತಿತ್ತು."

ಕನ್ನಡಕ ತೆಗೆದರು. ಅಂಗಿಯ ತುದಿಯಲ್ಲಿ ಒರೆಸಿದರು, ಒಂದು ಕಡೆ, ಇನ್ನೊಂದು ಕಡೆ. ಮತ್ತೆ ಹಾಕಿಕೊಂಡು ಟೆಂಪೋ ಮೇಲಿನ ತೊಟ್ಟಿಯನ್ನು ನೋಡಿದರು. ನನ್ನ ಕಡೆ ನೋಡಲಿಲ್ಲ.

"ಬಾಲರಾಜ್, ಹಗ್ಗ ಬಿಚ್ಚಪ್ಪ. ಎಲ್ಲ ಇಳಿಸು."

"ಏನ್ ಸಾಬ್ರೇ, ಈಗ್ತಾನೆ—"

"ಇಳಿಸು ಅಂದ್ನಲ್ಲ. ಬಾಡಿಗೆ ಕೊಡ್ತೀನಿ."

ನಾನು ಓಡಿಹೋಗಿ ತೊಟ್ಟಿಯ ಒಂದು ಮೂಲೆ ಹಿಡಿದೆ. ಹಿಡಿಯಬೇಕು ಅನ್ನಿಸಿತು. ಅವರು ಬಂದು ನನ್ನ ಪಕ್ಕದಲ್ಲಿ ನಿಂತರು. ದನಿ ಎತ್ತಲಿಲ್ಲ.

"ಮೇಡಂ, ನೀವು ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ನಮ್ಮ ಸಾಮಾನು ನಾವು ಇಳಿಸ್ಕೋತೀವಿ."

ಕೈ ಬಿಟ್ಟೆ. ಈ ಕಡೆ ಬಂದು ನಿಂತೆ.

ತೊಟ್ಟಿ ಒಳಗೆ ಹೋಯಿತು. ಕಂಪ್ರೆಸರ್ ಹೋಯಿತು. ಈಗ ಒಲೆ ಇಳಿಸುತ್ತಿದ್ದಾರೆ. ಮುಜಫ್ಫರ್ ಭಾಯ್ ತಾವೇ ಕುರ್ಚಿ ಹತ್ತಿ ಬೋರ್ಡನ್ನು ಗೋಡೆಗೆ ಹಿಡಿದಿದ್ದಾರೆ. ಒಂದು ಕೈಯಲ್ಲಿ ಬೋರ್ಡು, ಇನ್ನೊಂದರಲ್ಲಿ ಸ್ಕ್ರೂ ಡ್ರೈವರ್. ಕೆಳಗಿನಿಂದ ಹಿಡಿದುಕೊಳ್ಳಲು ಒಬ್ಬರು ಬೇಕು. ಇತ್ತ ತಿರುಗುತ್ತಲೂ ಇಲ್ಲ. ಫೋನ್ ಮತ್ತೆ ಹೊಡೆದುಕೊಳ್ಳುತ್ತಿದೆ, ಈ ಸಲ ದೊಡ್ಡಮುನಿಯಪ್ಪನವರು. ಎತ್ತುತ್ತೇನೆ, ಎತ್ತಿ ಮೊದಲು ಹೇಳಬೇಕಾದದ್ದು, ತಾತ, ಅವತ್ತು ಏನೂ ಆಗಲ್ಲ ಅಂತ ನಾನು—